ಕಾನೂನಿನ ಆಳ್ವಿಕೆ ಮತ್ತು ನ್ಯಾಯಾಲಯಗಳು

ಅಧಿಕಾರದಲ್ಲಿರುವವರು ತಮ್ಮ ಮರ್ಜಿಯಂತೆ ನಡೆಯದೆ, ಮೊದಲೇ ಗೊತ್ತುಪಡಿಸಿ ಪ್ರಕಟಿಸಿದ ಕಾನೂನಿಗೆ ತಾವೂ ಒಳಪಟ್ಟು ರಾಜ್ಯಭಾರ ಮಾಡಬೇಕೆಂಬುದು ಕಾನೂನಿನ ಆಳ್ವಿಕೆಯ ತಿರುಳು. ಕಾನೂನುಗಳು ಇದ್ದ ಮಾತ್ರಕ್ಕೆ ಕಾನೂನಿನ ಆಳ್ವಿಕೆ ಇದ್ದಂತಾಗುವುದಿಲ್ಲ. ನಿರಂಕುಶ ಪ್ರಭುಗಳ ರಾಜ್ಯದಲ್ಲೂ ಕಟ್ಟಳೆಗಳಿಗೆ ಬರವಿರಲಿಲ್ಲ. ಅವು ಪ್ರಜೆಗಳನ್ನು ಕಟ್ಟುತ್ತಿದ್ದವು, ಪ್ರಭುವನ್ನಲ್ಲ. ಸಾಮಾನ್ಯ ಪ್ರಜೆಯೊಬ್ಬ ಸರ್ಕಾರದ ಮೇಲೆ ದಾವೆ ಹೂಡಬಹುದೇ? ಹೂಡಿದರೆ ನ್ಯಾಯಾಧೀಶರು ಸರ್ಕಾರದ ವಿರುದ್ಧ ತೀರ್ಪು ಕೊಡಬಲ್ಲರೇ? ಕೊಟ್ಟರೆ ಸರ್ಕಾರ ಅದನ್ನು ಪಾಲಿಸುತ್ತದೆಯೇ? ಈ ಮೂರಕ್ಕೂ ಹೌದೆಂಬ ಉತ್ತರ ಸಿಗುವ ಕಡೆ ಕಾನೂನಿನ ಆಳ್ವಿಕೆ ಇದೆ ಎನ್ನಬಹುದು. ಮೂರರಲ್ಲಿ ಕೊನೆಯದೇ ಕಠಿಣ. ನ್ಯಾಯಾಲಯಕ್ಕೆ ತನ್ನದೇ ಪೊಲೀಸ್ ಪಡೆಯಿಲ್ಲ, ಖಜಾನೆಯಿಲ್ಲ. ಸೋತ ಪಕ್ಷ ತೀರ್ಪಿಗೆ ತಲೆಬಾಗುವುದರಲ್ಲೇ ಅದರ ಬಲವೆಲ್ಲ ಇದೆ. ಭಾರತದ ಮುಕ್ಕಾಲು ಶತಮಾನದ ಅನುಭವವನ್ನು, ಅದರಲ್ಲೂ ಕನ್ನಡ ನಾಡಿನಿಂದ ಹೊರಟ ಮೊಕದ್ದಮೆಗಳನ್ನು ಇಲ್ಲಿ ಈ ಕೊನೆಯ ಪ್ರಶ್ನೆಯ ಬೆಳಕಿನಲ್ಲಿ ನೋಡಲಾಗಿದೆ.

ಹಿನ್ನೆಲೆ

ಇಂಗ್ಲೆಂಡಿನ ದೊರೆ ಜಾನ್ 1215ರಲ್ಲಿ ತನ್ನ ಸರದಾರರ ಒತ್ತಡಕ್ಕೆ ಮಣಿದು ಒಪ್ಪಿದ ಮ್ಯಾಗ್ನಾ ಕಾರ್ಟಾ ಸನ್ನದಿನಲ್ಲಿ, ನಾಡಿನ ಕಾನೂನಿನ ಪ್ರಕಾರವಲ್ಲದೆ ಯಾವ ಸ್ವತಂತ್ರ ಮನುಷ್ಯನನ್ನೂ ಸೆರೆಯಲ್ಲಿಡುವಂತಿಲ್ಲ ಎಂಬ ಕಲಮು ಇತ್ತು. ಅದನ್ನು ಬರೆಸಿದವರು ಜಮೀನ್ದಾರರು, ತಮ್ಮ ಹಿತಕ್ಕಾಗಿ. ಮುಂದಿನ ಶತಮಾನಗಳಲ್ಲಿ ಅದು ಎಲ್ಲರ ಸೊತ್ತಾಯಿತು. 1701ರ ಶಾಸನವೊಂದು ನ್ಯಾಯಾಧೀಶರನ್ನು ದೊರೆ ಮನಬಂದಾಗ ಕಿತ್ತುಹಾಕದಂತೆ ತಡೆಯಿತು. 1885ರಲ್ಲಿ ಎ. ವಿ. ಡೈಸಿ ಈ ಪರಂಪರೆಗೆ ಶಾಸ್ತ್ರದ ರೂಪ ಕೊಟ್ಟು, ಮಂತ್ರಿಯೂ ಪೇದೆಯೂ ಒಂದೇ ಕಾನೂನಿಗೆ, ಒಂದೇ ನ್ಯಾಯಾಲಯಕ್ಕೆ ಉತ್ತರ ಹೇಳಬೇಕೆಂದು ವಾದಿಸಿದ. ಅವನ ದೇಶ ಅದೇ ಹೊತ್ತಿನಲ್ಲಿ ಭಾರತದಲ್ಲಿ ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಡಲು 1818ರ ಬಂಗಾಳ ರೆಗ್ಯುಲೇಷನ್ನನ್ನು ಬಳಸುತ್ತಿತ್ತು ಎಂಬುದನ್ನೂ ಜೊತೆಗೇ ಓದಿಕೊಳ್ಳಬೇಕು.

ಭಾರತದಲ್ಲಿ ಧರ್ಮವು ರಾಜನಿಗಿಂತ ಮೇಲೆಂಬ ಕಲ್ಪನೆ ಹಳೆಯದು. ಆದರೆ ಆ ಧರ್ಮದ ಮುಂದೆ ಎಲ್ಲರೂ ಸಮಾನರಾಗಿರಲಿಲ್ಲ. ಒಂದೇ ಅಪರಾಧಕ್ಕೆ ವರ್ಣ ನೋಡಿ ದಂಡ ವಿಧಿಸುವುದನ್ನು ಸ್ಮೃತಿಗಳು ಒಪ್ಪಿದ್ದವು. ಕನ್ನಡ ನಾಡು ಈ ಪರಂಪರೆಗೆ ಕೊಟ್ಟ ದೊಡ್ಡ ಕಾಣಿಕೆ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’. ಯಾಜ್ಞವಲ್ಕ್ಯ ಸ್ಮೃತಿಯ ಈ ವ್ಯಾಖ್ಯಾನವನ್ನು ಬ್ರಿಟಿಷ್ ನ್ಯಾಯಾಲಯಗಳು ಬಂಗಾಳದ ಹೊರಗೆ ದೇಶದ ಬಹುಭಾಗದಲ್ಲಿ ಹಿಂದೂ ಆಸ್ತಿ ಹಂಚಿಕೆಗೆ ಆಧಾರವಾಗಿ ಒಪ್ಪಿದವು. ಇಂದಿಗೂ ಪಿತ್ರಾರ್ಜಿತ ಜಮೀನಿನ ಪಾಲುದಾರಿಕೆ ದಾವೆಗಳಲ್ಲಿ ವಕೀಲರು ಅದರ ಹೆಸರೆತ್ತುತ್ತಾರೆ. ಆ ವ್ಯವಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ಜನ್ಮತಃ ಪಾಲು ಇರಲಿಲ್ಲ. ಕರ್ನಾಟಕ 1994ರಲ್ಲಿ ತನ್ನ ತಿದ್ದುಪಡಿಯ ಮೂಲಕ ಅದನ್ನು ಕೊಟ್ಟಿತು, ಸಂಸತ್ತು 2005ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು, ಸುಪ್ರೀಂ ಕೋರ್ಟ್ 2020ರಲ್ಲಿ ಉಳಿದ ಗೊಂದಲಗಳನ್ನು ಬಗೆಹರಿಸಿತು.

ಇಂದಿನ ನ್ಯಾಯಾಲಯಗಳ ಕಟ್ಟಡ ಬ್ರಿಟಿಷರದು. 1774ರಲ್ಲಿ ಕಲ್ಕತ್ತೆಯಲ್ಲಿ ಸುಪ್ರೀಂ ಕೋರ್ಟ್ ತೆರೆಯಿತು. 1862ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ಹೈಕೋರ್ಟುಗಳು ಬಂದವು. ಮೈಸೂರು ಸಂಸ್ಥಾನ 1884ರಲ್ಲಿ ತನ್ನದೇ ಚೀಫ್ ಕೋರ್ಟನ್ನು ರಚಿಸಿಕೊಂಡಿತು. 1930ರಲ್ಲಿ ಅದು ಹೈಕೋರ್ಟ್ ಎನಿಸಿತು. ಧಾರವಾಡದವರ ಮೇಲ್ಮನವಿ ಬೊಂಬಾಯಿಗೆ, ಮಂಗಳೂರಿನವರದು ಮದ್ರಾಸಿಗೆ, ಕಲಬುರ್ಗಿಯವರದು ಹೈದರಾಬಾದಿಗೆ ಹೋಗುತ್ತಿದ್ದ ಕಾಲ 1956ರ ಏಕೀಕರಣದೊಂದಿಗೆ ಮುಗಿಯಿತು. ಹದಿನೆಂಟು ಇಲಾಖೆಗಳಿಗೆಂದು 1868ರಲ್ಲಿ ಕಟ್ಟಿ ಮುಗಿಸಿದ ಬೆಂಗಳೂರಿನ ಅಠಾರಾ ಕಚೇರಿಗೆ ಹೈಕೋರ್ಟ್ ಬಂತು. ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯಬೇಕಾಗಿದ್ದ ಉತ್ತರದ ಜಿಲ್ಲೆಗಳ ಕಕ್ಷಿದಾರರಿಗೆ ಧಾರವಾಡ ಮತ್ತು ಕಲಬುರ್ಗಿ ಪೀಠಗಳು ಸಿಕ್ಕಿದ್ದು 2008ರಲ್ಲಿ, ದೀರ್ಘ ಹೋರಾಟದ ನಂತರ. ಅವು ಕಾಯಂ ಆದದ್ದು 2013ರಲ್ಲಿ.

ಸಂವಿಧಾನದ ವಿನ್ಯಾಸ

1950ರ ಜನವರಿ 28ರಂದು ಎಂಟು ನ್ಯಾಯಮೂರ್ತಿ ಸ್ಥಾನಗಳೊಂದಿಗೆ ಕಾರ್ಯಾರಂಭ ಮಾಡಿದ ಸುಪ್ರೀಂ ಕೋರ್ಟಿನಲ್ಲಿ ಇಂದು ಮಂಜೂರಾದ ಸ್ಥಾನಗಳು 34. ಸಂವಿಧಾನದ 13ನೇ ವಿಧಿಯ ಪ್ರಕಾರ ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ಊರ್ಜಿತವಲ್ಲ. 14ನೇ ವಿಧಿ ಕಾನೂನಿನ ಮುಂದೆ ಸಮಾನತೆಯನ್ನು ಸಾರುತ್ತದೆ. 32 ಮತ್ತು 226ನೇ ವಿಧಿಗಳು ಪ್ರಜೆಗೆ ನೇರವಾಗಿ ಸುಪ್ರೀಂ ಕೋರ್ಟ್ ಅಥವಾ ಹೈಕೋರ್ಟಿನ ಬಾಗಿಲು ತಟ್ಟುವ ಅವಕಾಶ ಕೊಡುತ್ತವೆ. ಇವುಗಳಲ್ಲಿ 32ನೆಯದನ್ನು ಅಂಬೇಡ್ಕರ್ ಸಂವಿಧಾನದ ಹೃದಯವೆಂದೇ ಭಾವಿಸಿದ್ದರು.

ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ 21ನೇ ವಿಧಿಯ ಕಥೆ ಬೇರೆ. ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದರು. ಅಮೆರಿಕಕ್ಕೆ ಹೋದಾಗ ಅವರು ಅಲ್ಲಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಕಾನೂನು ನ್ಯಾಯಯುತವೇ ಎಂದು ತೂಗುವ ಅಧಿಕಾರವನ್ನು ನ್ಯಾಯಾಧೀಶರ ಕೈಗೆ ಕೊಟ್ಟರೆ ಚುನಾಯಿತ ಸರ್ಕಾರದ ಸುಧಾರಣೆಗಳಿಗೆ ಅವರು ಅಡ್ಡ ಬಂದಾರು ಎಂಬ ಎಚ್ಚರಿಕೆ ಅಲ್ಲಿ ಸಿಕ್ಕಿತು. ಹಾಗಾಗಿ ಶಾಸಕಾಂಗ ನಿಗದಿ ಮಾಡಿದ ವಿಧಾನ ಪಾಲನೆಯಾದರೆ ಸಾಕು ಎಂಬರ್ಥದ ಪದಗಳು ಸಂವಿಧಾನಕ್ಕೆ ಬಂದವು. 1950ರಲ್ಲಿ ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಬಂಧನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಪದಗಳಿಗೇ ಕಟ್ಟುಬಿದ್ದಿತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಆ ನಿಲುವು ಬದಲಾಗಿ, ವಿಧಾನವೂ ನ್ಯಾಯಯುತವಾಗಿರಬೇಕೆಂಬ ತೀರ್ಪು ಬಂತು. ನಡುವಿನ 28 ವರ್ಷಗಳಲ್ಲಿ ನ್ಯಾಯಾಲಯ ಕಲಿತ ಪಾಠಗಳಲ್ಲಿ ಎರಡು ಮುಖ್ಯ: ಒಂದು ಭೂಮಿಯದು, ಇನ್ನೊಂದು ತುರ್ತುಪರಿಸ್ಥಿತಿಯದು.

ಭೂಮಿ, ಮಠ ಮತ್ತು ಮೂಲ ಸ್ವರೂಪ

ಸ್ವಾತಂತ್ರ್ಯದ ಮೊದಲ ಎರಡು ದಶಕಗಳಲ್ಲಿ ನ್ಯಾಯಾಲಯಗಳು ಆಸ್ತಿವಂತರ ಪರ ಎಂಬ ಆರೋಪ ಬಲವಾಗಿತ್ತು, ಅದು ಪೂರ್ತಿ ಸುಳ್ಳೂ ಅಲ್ಲ. ಜಮೀನ್ದಾರಿ ರದ್ದತಿ, ಬ್ಯಾಂಕ್ ರಾಷ್ಟ್ರೀಕರಣ, ರಾಜಧನ ರದ್ದತಿ ಎಲ್ಲವೂ ಕೋರ್ಟಿನಲ್ಲಿ ಪೆಟ್ಟು ತಿಂದವು. ಸರ್ಕಾರ ಪ್ರತಿ ಸಲವೂ ಸಂವಿಧಾನ ತಿದ್ದಿತು. 1967ರ ಗೋಲಕನಾಥ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂಲಭೂತ ಹಕ್ಕುಗಳನ್ನು ತಿದ್ದುವ ಅಧಿಕಾರ ಸಂಸತ್ತಿಗೆ ಇಲ್ಲವೆಂದಿತು. ಸಂಸತ್ತು ಇದೆ ಎಂದು ಮತ್ತೆ ತಿದ್ದಿತು.

ಈ ಜಗ್ಗಾಟವನ್ನು ಒಂದು ನಿಲುಗಡೆಗೆ ತಂದದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು 1970ರಲ್ಲಿ ಸಲ್ಲಿಸಿದ ಅರ್ಜಿ. ಕೇರಳದ ಭೂಸುಧಾರಣೆಯಿಂದ ಮಠದ ಜಮೀನು ಕೈತಪ್ಪುವುದೆಂಬುದು ಅವರ ದೂರು. ಯಕ್ಷಗಾನ ಮೇಳಕ್ಕೆ ಆಶ್ರಯ ಕೊಟ್ಟ, ಕನ್ನಡ ಪರಿಸರದ ಈ ಮಠದ ಅರ್ಜಿ, ನಾನಿ ಪಾಲ್ಖಿವಾಲಾ ವಾದಕ್ಕೆ ನಿಂತ ಮೇಲೆ, ಸಂವಿಧಾನವನ್ನು ಸಂಸತ್ತು ಎಲ್ಲಿಯವರೆಗೆ ತಿದ್ದಬಹುದು ಎಂಬ ಪ್ರಶ್ನೆಯಾಗಿ ಬೆಳೆಯಿತು. 13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ ಉತ್ತರ ಕೊಟ್ಟಿತು: ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಸ್ವಾಮಿಗಳಿಗೆ ಜಮೀನು ಉಳಿಯಲಿಲ್ಲ. 2020ರಲ್ಲಿ ಅವರು ತೀರಿಕೊಂಡಾಗ, ಆ ಹೆಸರಿನ ಮೊಕದ್ದಮೆಯನ್ನು ಬಾಯಿಪಾಠ ಮಾಡಿದ ಕಾನೂನು ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿಗೆ ಅವರು ಅಷ್ಟು ವರ್ಷ ಎಡನೀರಿನಲ್ಲೇ ಇದ್ದರೆಂಬುದು ಹೊಸ ಸುದ್ದಿಯಾಗಿದ್ದೀತು.

ತೀರ್ಪಿನ ಮರುದಿನವೇ ಕೇಂದ್ರ ಸರ್ಕಾರ ಮುಖ್ಯ ನ್ಯಾಯಮೂರ್ತಿ ಹುದ್ದೆಗೆ ಎ. ಎನ್. ರೇ ಅವರ ಹೆಸರು ಘೋಷಿಸಿತು. ಸೇವಾ ಹಿರಿತನದಲ್ಲಿ ಮುಂದಿದ್ದ ಮೂವರನ್ನು ದಾಟಿ ಮಾಡಿದ ಈ ನೇಮಕ, ತೀರ್ಪಿಗೆ ಸರ್ಕಾರ ಕೊಟ್ಟ ಉತ್ತರವೆಂದೇ ಎಲ್ಲರೂ ತಿಳಿದರು. ಆ ಮೂವರಲ್ಲಿ ಒಬ್ಬರು ಕಾರ್ಕಳ ತಾಲ್ಲೂಕಿನ ಕೌಡೂರಿನ ಕೆ. ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು 1977ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ಗೆದ್ದು ಅದರ ಸ್ಪೀಕರ್ ಆದರು.

ಭೂಮಿಯ ವಿಷಯದಲ್ಲಿ ಕರ್ನಾಟಕ ಹಿಡಿದ ದಾರಿ ಬೇರೆ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಗೇಣಿದಾರರ ಅರ್ಜಿಗಳನ್ನು ಸಿವಿಲ್ ಕೋರ್ಟುಗಳ ಕೈಯಿಂದ ತೆಗೆದು ತಾಲ್ಲೂಕಿನ ಭೂನ್ಯಾಯ ಮಂಡಳಿಗಳಿಗೆ ಒಪ್ಪಿಸಲಾಯಿತು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಧಣಿಗೆ ವಕೀಲನಿದ್ದು ಒಕ್ಕಲಿಗೆ ಇಲ್ಲದ ಕಡೆ ಅದು ಸಮ ಮಾಡುವ ಉಪಾಯವೇ ಆಗಿತ್ತು. ಫಾರಂ 7 ತುಂಬಿಕೊಟ್ಟ ಸಾವಿರಾರು ಗೇಣಿ ಒಕ್ಕಲುಗಳಿಗೆ, ಕರಾವಳಿಯಲ್ಲಂತೂ ಹೆಚ್ಚಾಗಿ, ಭೂಮಿಯ ಹಕ್ಕು ಸಿಕ್ಕಿತು. ತಮ್ಮ ಮಾತು ಕೇಳದೆ ತೀರ್ಮಾನ ಮಾಡಿದರೆಂದು ಭೂಮಾಲೀಕರು ರಿಟ್ ಅರ್ಜಿ ಹಿಡಿದು ಹೈಕೋರ್ಟಿಗೆ ಹೋದರು. ಕೆಲವು ಆದೇಶಗಳು ನಿಂತವು, ಕೆಲವು ಮರುವಿಚಾರಣೆಗೆ ಮಂಡಳಿಗಳಿಗೇ ಹಿಂದಿರುಗಿದವು. ಕೋರ್ಟನ್ನು ಬದಿಗಿಟ್ಟಾಗ ಬಡವನಿಗೆ ನ್ಯಾಯ ಬೇಗ ಸಿಕ್ಕಿತು ಎಂಬುದು ಕಾನೂನಿನ ಆಳ್ವಿಕೆಯನ್ನು ಹೊಗಳುವವರು ನುಂಗಲೇಬೇಕಾದ ಕಹಿ. ಬದಿಗಿಟ್ಟ ಕೋರ್ಟಿಗೆ ಕೊನೆಗೂ ಎಲ್ಲರೂ ಹೋದರು ಎಂಬುದು ಅದರ ಇನ್ನೊಂದು ಮುಖ.

ತುರ್ತುಪರಿಸ್ಥಿತಿ ಮತ್ತು ಬೆಂಗಳೂರು

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧುಗೊಳಿಸಿದರು. ಅಧಿಕಾರದ ಶಿಖರದಲ್ಲಿದ್ದವರ ಮೇಲೂ ಕಾನೂನು ನಡೆಯುತ್ತದೆ ಎಂಬುದಕ್ಕೆ ಅಂಥ ಇನ್ನೊಂದು ಉದಾಹರಣೆ ನಮ್ಮಲ್ಲಿಲ್ಲ. ಎರಡು ವಾರದೊಳಗೆ ತುರ್ತುಪರಿಸ್ಥಿತಿ ಬಂತು. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಎಸ್. ಎನ್. ಮಿಶ್ರಾ ಅವರನ್ನು ಇಲ್ಲೇ ಬಂಧಿಸಿ ಸೆಂಟ್ರಲ್ ಜೈಲಿಗೆ ಹಾಕಿದರು. ಬಂಧನವನ್ನು ಪ್ರಶ್ನಿಸುವ ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳು ಕರ್ನಾಟಕ ಹೈಕೋರ್ಟಿಗೆ ಬಂದವು. ಹಕ್ಕುಗಳು ಅಮಾನತಿನಲ್ಲಿರುವಾಗ ಅರ್ಜಿಯನ್ನೇ ಸ್ವೀಕರಿಸಬಾರದೆಂದು ಸರ್ಕಾರ ವಾದಿಸಿತು. ನ್ಯಾಯಮೂರ್ತಿಗಳಾದ ಡಿ. ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಅದನ್ನು ಒಪ್ಪಲಿಲ್ಲ. ಇಬ್ಬರೂ ಬೇರೆ ರಾಜ್ಯಗಳ ಹೈಕೋರ್ಟುಗಳಿಗೆ ವರ್ಗವಾದರು.

ದೇಶದ ಒಂಬತ್ತು ಹೈಕೋರ್ಟುಗಳು ಇದೇ ನಿಲುವು ತಳೆದಿದ್ದವು. ಎಡಿಎಂ ಜಬಲ್ಪುರ ಎಂದು ಹೆಸರಾದ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ರಂದು ಅವೆಲ್ಲವನ್ನೂ 4–1ರಿಂದ ತಳ್ಳಿಹಾಕಿತು. ಪೊಲೀಸನೊಬ್ಬ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಕೇಳಿದಾಗ, ತುರ್ತುಪರಿಸ್ಥಿತಿ ಇರುವಷ್ಟು ಕಾಲ ಇಲ್ಲವೆಂದೇ ಅಟಾರ್ನಿ ಜನರಲ್ ಉತ್ತರಿಸಿದ್ದರು. ಭಿನ್ನಮತ ಬರೆದವರು ಖನ್ನಾ ಒಬ್ಬರೇ. ಮರುವರ್ಷ ಅವರ ಹಿರಿತನವನ್ನೂ ದಾಟಿ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಖನ್ನಾ ರಾಜೀನಾಮೆ ಕೊಟ್ಟು ಹೊರಟರು.

ಈ ತಪ್ಪನ್ನು ತಿದ್ದಿದ್ದು ಮೊದಲು ಸಂಸತ್ತು: 1978ರ 44ನೇ ತಿದ್ದುಪಡಿಯ ನಂತರ 20 ಮತ್ತು 21ನೇ ವಿಧಿಗಳನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ. ನ್ಯಾಯಾಲಯ ತಾನಾಗಿ ಆ ತೀರ್ಪನ್ನು ಹೂಳಲು 2017ರವರೆಗೆ ಕಾಯಬೇಕಾಯಿತು, ಅದಕ್ಕೆ ನೆಪವಾದದ್ದೂ ಒಬ್ಬ ಕನ್ನಡಿಗರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ತಮ್ಮ 86ನೇ ವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿದ್ದರು. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಜಬಲ್ಪುರ ತೀರ್ಪು ತಪ್ಪೆಂದೂ ಹೇಳಿತು. ಮುಖ್ಯ ತೀರ್ಪು ಬರೆದ ಡಿ. ವೈ. ಚಂದ್ರಚೂಡ್, 1976ರ ಬಹುಮತದಲ್ಲಿದ್ದ ವೈ. ವಿ. ಚಂದ್ರಚೂಡರ ಮಗ.

ತಡವಾಗಿ ಬಂದ ಗೆಲುವು

1989ರ ಏಪ್ರಿಲ್ 21ರಂದು ಎಸ್. ಆರ್. ಬೊಮ್ಮಾಯಿ ಸರ್ಕಾರ ವಜಾ ಆಯಿತು. 19 ಶಾಸಕರು ಬೆಂಬಲ ಹಿಂದೆಗೆದುಕೊಂಡಿದ್ದಾರೆಂಬ ಪತ್ರಗಳನ್ನು ನಂಬಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ವರದಿ ಕಳಿಸಿದ್ದರು. ಅವರಲ್ಲಿ ಏಳು ಮಂದಿ ಮಾತು ಬದಲಿಸಿದರೂ, ಬಹುಮತವನ್ನು ಸದನದಲ್ಲೇ ತೋರಿಸುತ್ತೇನೆಂದು ಮುಖ್ಯಮಂತ್ರಿ ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ ತಳ್ಳಿಹಾಕಿತು. ಸುಪ್ರೀಂ ಕೋರ್ಟ್ 1994ರ ಮಾರ್ಚ್ 11ರಂದು ಸರ್ಕಾರದ ವಜಾ ಅಸಂವಿಧಾನಿಕವೆಂದು ಸಾರುವ ಹೊತ್ತಿಗೆ ಚುನಾವಣೆ ನಡೆದು, ಬೇರೆ ಸರ್ಕಾರ ಬಂದು, ಐದು ವರ್ಷ ಕಳೆದಿತ್ತು. ಬೊಮ್ಮಾಯಿಯವರಿಗೆ ಕುರ್ಚಿ ಹಿಂದಿರುಗಲಿಲ್ಲ. ಆದರೆ ಬಹುಮತದ ಪರೀಕ್ಷೆ ರಾಜಭವನದಲ್ಲಲ್ಲ, ಸದನದಲ್ಲಿ ಎಂಬ ನಿಯಮ ಅಲ್ಲಿಂದ ಗಟ್ಟಿಯಾಯಿತು. 2018ರ ಮೇ ತಿಂಗಳಲ್ಲಿ ಯಡಿಯೂರಪ್ಪನವರಿಗೆ ರಾಜ್ಯಪಾಲರು 15 ದಿನ ಕೊಟ್ಟಿದ್ದಾಗ, ಸುಪ್ರೀಂ ಕೋರ್ಟ್ ನಡುರಾತ್ರಿ ಕಲಾಪ ನಡೆಸಿತು; ಮರುದಿನದ ವಿಚಾರಣೆಯ ನಂತರ 19ರಂದೇ ಬಲಾಬಲ ಪರೀಕ್ಷೆಗೆ ಆದೇಶಿಸಿತು. ಮತಕ್ಕೆ ಮೊದಲೇ ಅವರು ರಾಜೀನಾಮೆ ಕೊಟ್ಟರು.

ಕಾವೇರಿಯ ಪರೀಕ್ಷೆ

ಗೆದ್ದ ಮೊಕದ್ದಮೆಗಳನ್ನು ನೆನೆಯುವುದು ಸುಲಭ. ಕರ್ನಾಟಕಕ್ಕೆ ಒಪ್ಪಲು ಕಷ್ಟವಾದದ್ದು ತಮಿಳುನಾಡಿನೊಂದಿಗಿನ ಕಾವೇರಿ ನೀರಿನ ವ್ಯಾಜ್ಯ. 1991ರ ಜೂನ್‌ನಲ್ಲಿ ನ್ಯಾಯಮಂಡಳಿ ವರ್ಷಕ್ಕೆ 205 ಟಿಎಂಸಿ ನೀರು ಮೆಟ್ಟೂರಿಗೆ ತಲುಪಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಬಂಗಾರಪ್ಪ ಸರ್ಕಾರ ಅದು ಜಾರಿಯಾಗದಂತೆ ಸುಗ್ರೀವಾಜ್ಞೆ ಹೊರಡಿಸಿತು. ಜನ ಮೆಚ್ಚಿದರು, ಮಂಡ್ಯದ ಕಬ್ಬು, ಭತ್ತದ ಗದ್ದೆಗಳ ಭಯ ಕಲ್ಪಿತವಾದುದಲ್ಲ. ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದಾಗ ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿತು: ತಾನೇ ಕಕ್ಷಿದಾರನಾಗಿರುವ ವ್ಯಾಜ್ಯದಲ್ಲಿ ರಾಜ್ಯವೊಂದು ತಾನೇ ನ್ಯಾಯಾಧೀಶನಾಗಿ ಕೂರುವುದು ಕಾನೂನಿನ ಆಳ್ವಿಕೆಗೆ ವಿರುದ್ಧ. ಡಿಸೆಂಬರ್‌ನಲ್ಲಿ ಆದೇಶ ಗೆಜೆಟ್‌ನಲ್ಲಿ ಪ್ರಕಟವಾದಾಗ ಬೆಂಗಳೂರಿನಲ್ಲಿ ತಮಿಳರ ಮೇಲೆ ನಡೆದ ಹಿಂಸೆ ಈ ನಗರದ ಚರಿತ್ರೆಯ ನಾಚಿಕೆಗೇಡಿನ ಪುಟ.

ಅದೇ ನ್ಯಾಯಾಲಯ 2018ರ ಫೆಬ್ರವರಿ 16ರಂದು ಬೆಂಗಳೂರಿನ ಕುಡಿಯುವ ನೀರನ್ನೂ ತಮಿಳುನಾಡಿನ ಅಂತರ್ಜಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕರ್ನಾಟಕದ ಪಾಲನ್ನು 14.75 ಟಿಎಂಸಿ ಹೆಚ್ಚಿಸಿ 284.75ಕ್ಕೆ ಏರಿಸಿತು. ಈ ಹೆಚ್ಚಳ ದೊರಕಿದ್ದು ಸುಗ್ರೀವಾಜ್ಞೆಯಿಂದಲ್ಲ, ಬಂದ್‌ಗಳಿಂದಲೂ ಅಲ್ಲ; ದಾಖಲೆ, ಅಂಕಿಅಂಶ, ವಾದಗಳಿಂದ. ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಮಾತು ಯಾರಿಗೂ ರುಚಿಸುವುದಿಲ್ಲ, ಆದರೂ ಇದು ನಿಜ.

ಸಾರ್ವಜನಿಕ ಹಿತಾಸಕ್ತಿ

1979ರಲ್ಲಿ ಬಿಹಾರದ ಜೈಲುಗಳಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದ ವಿಚಾರಣಾಧೀನ ಕೈದಿಗಳ ಪ್ರಕರಣದಿಂದ ಹೊಸ ಬಗೆಯ ಮೊಕದ್ದಮೆ ಬೆಳೆಯಿತು: ತೊಂದರೆಗೊಳಗಾದವರ ಪರವಾಗಿ ಬೇರೆ ಯಾರಾದರೂ ಅರ್ಜಿ ಹಾಕಬಹುದು. ಬಳ್ಳಾರಿಯ ಅಕ್ರಮ ಗಣಿಗಾರಿಕೆ ನಿಂತದ್ದು ಇಂಥ ಅರ್ಜಿಯಿಂದಲೇ. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿ, 2013ರಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಹೆಚ್ಚು ಕೆಟ್ಟ ಉಲ್ಲಂಘನೆಯ ಸಿ ವರ್ಗದ ಗುತ್ತಿಗೆಗಳನ್ನು ರದ್ದುಮಾಡಿತು. ಕರ್ನಾಟಕದ ಕ್ಯಾಪಿಟೇಷನ್ ಶುಲ್ಕವನ್ನು ಪ್ರಶ್ನಿಸಿದ 1992ರ ಮೋಹಿನಿ ಜೈನ್ ಪ್ರಕರಣದಿಂದ ಆರಂಭವಾದ ಚರ್ಚೆ 2002ರಲ್ಲಿ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ ತಿದ್ದುಪಡಿಯಲ್ಲಿ ಮುಟ್ಟಿತು. ನ್ಯಾಯಾಲಯಗಳು ಆಡಳಿತವನ್ನೇ ಕೈಗೆತ್ತಿಕೊಳ್ಳುತ್ತಿವೆ ಎಂಬ ಟೀಕೆಯಲ್ಲೂ ಹುರುಳಿದೆ. ರಸ್ತೆ ಗುಂಡಿಯಿಂದ ಬೀದಿನಾಯಿಯವರೆಗೆ ಎಲ್ಲವೂ ಪೀಠದ ಮುಂದೆ ಬರುವುದು ಆಡಳಿತ ಸೋತದ್ದರ ಗುರುತು. ಆಡಳಿತವೇ ನ್ಯಾಯಾಧೀಶನ ವೇಷ ತೊಟ್ಟಾಗ ಮಾತ್ರ ನ್ಯಾಯಾಲಯ ಸುಮ್ಮನಿರುವಂತಿಲ್ಲ. ಆರೋಪಿಯ ಮನೆಯನ್ನು ಬುಲ್ಡೋಜರ್‌ನಿಂದ ಕೆಡವುವ ಪದ್ಧತಿಗೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ತಡೆ ಹಾಕಿತು: 15 ದಿನದ ನೋಟಿಸ್ ಕಡ್ಡಾಯ, ತಪ್ಪಿದರೆ ಅಧಿಕಾರಿಯೇ ಖರ್ಚು ಭರಿಸಬೇಕು.

ನೇಮಕದ ಜಗಳ

ನ್ಯಾಯಮೂರ್ತಿಗಳನ್ನು ಯಾರು ನೇಮಿಸಬೇಕೆಂಬ ವಿವಾದ 1973ರ ಗಾಯದಿಂದ ಹುಟ್ಟಿದ್ದು. 1993ರ ತೀರ್ಪಿನಿಂದ ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂಗೆ ಆ ಅಧಿಕಾರ ಬಂತು. ಅದನ್ನು ಬದಲಿಸಲು ಸಂಸತ್ತು ರಚಿಸಿದ ಆಯೋಗವನ್ನು ಸುಪ್ರೀಂ ಕೋರ್ಟ್ 2015ರಲ್ಲಿ 4–1ರಿಂದ ರದ್ದುಮಾಡಿತು. ಸರ್ಕಾರದ ಕೈಗೆ ಕೊಟ್ಟರೆ 1973 ಮರುಕಳಿಸೀತೆಂಬ ಅಂಜಿಕೆ ನ್ಯಾಯವಾದದ್ದೇ. ಆದರೆ ಎಲ್ಲರಿಂದಲೂ ಕಾರಣ ಕೇಳುವ ಸಂಸ್ಥೆ ತನ್ನ ನೇಮಕಗಳಿಗೆ ಪೂರ್ತಿ ಕಾರಣ ಹೇಳದಿರುವುದನ್ನು ಸಮರ್ಥಿಸುವುದು ಕಷ್ಟ.

ತಾಲ್ಲೂಕು ಕೋರ್ಟಿನಲ್ಲಿ

ಬಹುಪಾಲು ಜನರಿಗೆ ಕಾನೂನಿನ ಆಳ್ವಿಕೆ ಎಂದರೆ ದೆಹಲಿಯಲ್ಲ, ತಾಲ್ಲೂಕಿನ ಸಿವಿಲ್ ಜಡ್ಜ್ ಮತ್ತು ಜೆಎಂಎಫ್‌ಸಿ ಕೋರ್ಟು. ಅಲ್ಲಿನ ಸಂಗತಿಗಳು ಪಾಲುಪಾರಿಕತ್ತು, ಬದುವಿನ ಜಗಳ, ಜೀವನಾಂಶ, ಚೆಕ್ ಬೌನ್ಸ್. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಹುಟ್ಟಿದ್ದೂ ಅಲ್ಲೇ. ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ. ತೀರ್ಪು ಬಂದ ಮೇಲೆ ಮೇಲ್ಮನವಿ, ತಡೆಯಾಜ್ಞೆ. ಡಿಕ್ರಿ ಕೈಗೆ ಬಂದ ಮೇಲೆ ಅಮಲ್ಜಾರಿ ಅರ್ಜಿ. ಭಾರತದಲ್ಲಿ ಕಕ್ಷಿದಾರನ ಕಷ್ಟ ಡಿಕ್ರಿ ಸಿಕ್ಕ ಮೇಲೆ ಶುರುವಾಗುತ್ತದೆಂದು ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ವಾದಿಸುವ ಭಾಷೆಯ ತೊಡಕು ಬೇರೆ: ಕೆಳಗಿನ ಕೋರ್ಟುಗಳಲ್ಲಿ ಕನ್ನಡಕ್ಕೆ ಕಾನೂನಿನ ಮನ್ನಣೆ ಇದ್ದರೂ, 348ನೇ ವಿಧಿಯಿಂದಾಗಿ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲೇ ನಡೆಯುತ್ತದೆ. ತನ್ನ ಗದ್ದೆಯ ಬಗ್ಗೆ ಏನು ತೀರ್ಮಾನವಾಯಿತೆಂದು ರೈತ ವಕೀಲರ ಬಾಯಿಂದಲೇ ಕೇಳಬೇಕು.

ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರಲ್ಲಿ ಜಾರಿಗೆ ಬಂದ ಮೇಲೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು, ಕಡಿಮೆ ಆದಾಯದವರು ಉಚಿತವಾಗಿ ವಕೀಲರನ್ನು ಪಡೆಯಬಹುದು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಟ್ಟರಾಯಿತು. ಲೋಕ್ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ನ್ಯಾಯಾಲಯ ಶುಲ್ಕ ಹಿಂದಕ್ಕೆ ಬರುತ್ತದೆ. ಹೀಗಿದ್ದೂ ದೇಶದ ಕೈದಿಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ವಿಚಾರಣಾಧೀನರು, ಅಂದರೆ ಅಪರಾಧ ಸಾಬೀತಾಗದವರು. ಜಿಲ್ಲೆ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ಬಾಕಿಯಿರುವ ಪ್ರಕರಣಗಳು 4 ಕೋಟಿ ಮೀರಿವೆ. ಪ್ರತಿ 10 ಲಕ್ಷ ಜನರಿಗೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲಿ ಶಿಫಾರಸು ಮಾಡಿತ್ತು. ದೇಶ ಇಂದಿಗೂ ಅದರ ಅರ್ಧವನ್ನು ಮುಟ್ಟಿಲ್ಲ.